ಕೆಡವಿದ ಪೆವಿಲಿಯನ್‌ಗಳ ದನಿ: ವಿಶ್ವ ಮೇಳದ ಕಂಪನಿ ರೆಕಾರ್ಡ್‌ಗಳನ್ನು ಹುಡುಕಿ, ಗುರುತಿಸಿ, ಕಾಪಾಡುವ ಬಗೆ

1964ರ ಏಪ್ರಿಲ್ 22ರಂದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫ್ಲಶಿಂಗ್ ಮೆಡೋಸ್‌ನಲ್ಲಿ ಒಂದು ವಿಶ್ವ ಮೇಳ ಶುರುವಾಯಿತು. ಎರಡು ವರ್ಷ, ಎರಡು ಸೀಸನ್ ನಡೆಯಿತು. ಸುಮಾರು 5 ಕೋಟಿ 10 ಲಕ್ಷ ಜನ ಬಂದು ಹೋದರು. ಅಲ್ಲಿ ಟ್ರಾವೆಲರ್ಸ್ ಎಂಬ ವಿಮಾ ಕಂಪನಿಯ ಪೆವಿಲಿಯನ್, ಅಂದರೆ ಪ್ರದರ್ಶನದ ಕಟ್ಟಡ ಇತ್ತು. ಆ ಕಂಪನಿಯ ಗುರುತು ಕೆಂಪು ಛತ್ರಿ. ಹಾಗಾಗಿ ಪೆವಿಲಿಯನ್ನಿನ ಚಾವಣಿಯೂ ದೊಡ್ಡದೊಂದು ಕೆಂಪು ಛತ್ರಿಯಂತೆಯೇ ಇತ್ತು. ಒಳಗೆ ಮನುಷ್ಯ ಕುಲದ ಕಥೆಯನ್ನು ಒಂದೊಂದೇ ದೃಶ್ಯವಾಗಿ ಕಟ್ಟಿದ್ದರು. ಅದಕ್ಕೆ 'ದಿ ಟ್ರಯಂಫ್ ಆಫ್ ಮ್ಯಾನ್' ಎಂದು ಹೆಸರು. ನೋಡಿ ಹೊರಬಂದವರಿಗೆ ಅದೇ ಕಥೆಯ ನಿರೂಪಣೆ ಇರುವ ರೆಕಾರ್ಡ್, ಚಿತ್ರಗಳಿರುವ ಪುಸ್ತಿಕೆಯ ಜೊತೆಗೆ ಸಿಗುತ್ತಿತ್ತು. ಮೇಳ ಮುಗಿದ ಮೇಲೆ ಛತ್ರಿಯ ಕಟ್ಟಡ ಅಲ್ಲಿ ಉಳಿಯಲಿಲ್ಲ. ರೆಕಾರ್ಡ್ ಇವತ್ತಿಗೂ ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಇಂಥ ರೆಕಾರ್ಡ್‌ಗಳನ್ನು ಕೂಡಿಹಾಕಬೇಕು ಅನ್ನುವವರಿಗಾಗಿ ಈ ಮಾರ್ಗದರ್ಶಿ. ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇವನ್ನು ಬರೀ ಹಾಡಿನ ಪ್ಲೇಟ್ ಎಂದು ನೋಡಬೇಡಿ. ಕೆಡವಿಹಾಕಿದ ಒಂದು ಕಟ್ಟಡದ ಒಳಗೆ ಏನು ಕೇಳಿಸುತ್ತಿತ್ತು ಎಂಬುದಕ್ಕೆ ಇದು ದಾಖಲೆ. ಜನ ಮನೆಗೆ ಯಾವ ಮಾತು ಹೊತ್ತುಕೊಂಡು ಹೋಗಬೇಕು ಎಂದು ಒಂದು ಕಂಪನಿ ಬಯಸಿತ್ತು ಎಂಬುದಕ್ಕೂ ದಾಖಲೆ. ಅದಕ್ಕೇ ಪ್ಲೇಟ್, ಜಾಕೆಟ್ (ಪ್ಲೇಟಿನ ಹೊರಕವಚ), ಪುಸ್ತಿಕೆ ಮೂರೂ ಸೇರಿ ಒಂದೇ ವಸ್ತು. ಕೊಳ್ಳುವಾಗ, ಇಡುವಾಗ, ನಕಲು ಮಾಡುವಾಗ ಇವನ್ನು ಬೇರೆ ಮಾಡಬೇಡಿ. ಕೆಳಗಿನ ಎಲ್ಲ ಹೆಜ್ಜೆಗಳೂ ಇದರ ಮೇಲೆಯೇ ನಿಂತಿವೆ.

ಹೆಜ್ಜೆ 1: ಯಾವ ಮೇಳ, ಯಾವ ಕಾಲ ಎಂದು ತಿಳಿದುಕೊಳ್ಳಿ

ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ ದೊಡ್ಡ ಪ್ಲೇಟ್, ಮಾರುಕಟ್ಟೆಗೆ ಬಂದಿದ್ದು 1948ರಲ್ಲಿ, ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯಿಂದ. ಮರುವರ್ಷ ಆರ್‌ಸಿಎ ಕಂಪನಿ 45 ವೇಗದ (ನಿಮಿಷಕ್ಕೆ 45 ಸುತ್ತಿನ) ಚಿಕ್ಕ ಪ್ಲೇಟ್ ತಂದಿತು. ಆದ್ದರಿಂದ 1939-40ರ ನ್ಯೂಯಾರ್ಕ್ ಮೇಳದ ಕಾಲದ ಪ್ಲೇಟ್ ಸಿಕ್ಕರೆ ಅದು ಬಹುಪಾಲು ಅರಗಿನಂಥ ಶೆಲಾಕ್‌ನದು, 78 ವೇಗದ್ದು. ಕೈಜಾರಿದರೆ ಒಡೆದೇ ಹೋಗುತ್ತದೆ. ಅದನ್ನು ನುಡಿಸುವ ಮುಳ್ಳೂ ಬೇರೆ.

ವಿನೈಲ್ ಕಾಲದ ಮೊದಲ ದೊಡ್ಡ ಮೇಳ 1958ರ ಬ್ರಸೆಲ್ಸ್. ಅಲ್ಲಿ ಫಿಲಿಪ್ಸ್ ಕಂಪನಿಯ ಪೆವಿಲಿಯನ್ ಕಟ್ಟಿದ್ದು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮತ್ತು ಆಗ ಅವರ ಕಚೇರಿಯಲ್ಲಿದ್ದ ಯಾನಿಸ್ ಕ್ಸೆನಾಕಿಸ್. ಸಂಗೀತ ರಚನೆಕಾರ ಎಡ್ಗರ್ ವರೇಸ್ ಅದಕ್ಕಾಗಿ ಸುಮಾರು 8 ನಿಮಿಷದ ಒಂದು ಇಲೆಕ್ಟ್ರಾನಿಕ್ ಕೃತಿ ಮಾಡಿದರು. ಗೋಡೆಯ ತುಂಬ ನೂರಾರು ಸ್ಪೀಕರ್‌ಗಳಿದ್ದವು. ಶಬ್ದ ಒಂದರಿಂದ ಇನ್ನೊಂದಕ್ಕೆ ಹರಿದಾಡುತ್ತಿತ್ತು. 1959ರ ಜನವರಿಯಲ್ಲಿ ಆ ಕಟ್ಟಡವನ್ನು ಕೆಡವಿದರು. ವರೇಸ್ ಅವರ ಕೃತಿ 1960ರಲ್ಲಿ ಅಮೆರಿಕದ ಕೊಲಂಬಿಯಾ ಎಲ್‌ಪಿಯಲ್ಲಿ ಬಂತು. ಇದು ಮೇಳದಲ್ಲಿ ಮಾರಿದ ನೆನಪಿನ ವಸ್ತು ಅಲ್ಲ. ಆದರೂ ಆ ಪೆವಿಲಿಯನ್ನಿನ ದನಿ ಕೇಳಬೇಕಾದರೆ ಮನೆಯಲ್ಲಿ ಇರಬೇಕಾದ ಪ್ಲೇಟ್.

1962ರ ಸಿಯಾಟಲ್ ಮೇಳದ್ದು ನನಗೆ ತುಂಬ ಇಷ್ಟವಾದ ರೆಕಾರ್ಡ್: ಅಟಿಲಿಯೊ ಮಿನಿಯೊ ಅವರ 'ಮ್ಯಾನ್ ಇನ್ ಸ್ಪೇಸ್ ವಿತ್ ಸೌಂಡ್ಸ್'. ಅಲ್ಲಿನ ಕೊಲಿಸಿಯಂ ಕಟ್ಟಡದೊಳಗೆ ಬಬಲೇಟರ್ ಅಂತ ಒಂದು ಪಾರದರ್ಶಕ ಗುಳ್ಳೆಯಾಕಾರದ ಲಿಫ್ಟ್ ಇತ್ತು. ಜನರನ್ನು ಗುಂಪಾಗಿ ಮೇಲಕ್ಕೆ, ನಾಳಿನ ಜಗತ್ತಿನ ಪ್ರದರ್ಶನಕ್ಕೆ ಒಯ್ಯುತ್ತಿತ್ತು. ಆ ಪಯಣಕ್ಕೆ ಹಿನ್ನೆಲೆಯಾಗಿದ್ದ ಸಂಗೀತವನ್ನೇ ಎಲ್‌ಪಿ ಮಾಡಿ ಮೇಳದಲ್ಲಿ ಮಾರಿದರು. ಹಾಡುಗಳ ಹೆಸರು ನೋಡಿದರೇ ಆ ಕಾಲದ ಉಮೇದು ಗೊತ್ತಾಗುತ್ತದೆ: ಮಾನೊರೈಲ್ ಮೇಲೆ ಒಂದು, 'ವೆಲ್‌ಕಮ್ ಟು ಟುಮಾರೊ' ಎಂದು ಒಂದು. ಸಂಗೀತ ಮಾತ್ರ ಸಲೀಸಲ್ಲ, ಸ್ವಲ್ಪ ಭಯ ಹುಟ್ಟಿಸುವಂತೆಯೇ ಇದೆ. ಭವಿಷ್ಯ ಅಂದರೆ ಖುಷಿ ಎಂದು ಎಲ್ಲ ಕಡೆ ಬೋರ್ಡ್ ಹಾಕಿದ್ದ ಮೇಳದಲ್ಲಿ ಇಂಥ ಸಂಗೀತ ನುಡಿಸಿದ್ದರಲ್ಲ, ಅದೇ ಅದರ ಹೆಚ್ಚುಗಾರಿಕೆ. ಇದು ಕಂಪನಿಯ ಪೆವಿಲಿಯನ್ನಿನದಲ್ಲ, ಆದರೂ ಈ ಸಂಗ್ರಹಕ್ಕೆ ಸೇರಲೇಬೇಕು.

ಆಮೇಲೆ 1964-65ರ ನ್ಯೂಯಾರ್ಕ್. ಕಂಪನಿ ರೆಕಾರ್ಡ್ ಹುಡುಕುವವರು ಶುರು ಮಾಡಬೇಕಾದ್ದು ಇಲ್ಲಿಂದಲೇ. ಅದಕ್ಕೆ ಕಾರಣವಿದೆ. ವಿಶ್ವ ಮೇಳಗಳಿಗೆ ಮಾನ್ಯತೆ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಪ್ಯಾರಿಸಿನಲ್ಲಿದೆ. ನ್ಯೂಯಾರ್ಕ್ ಮೇಳಕ್ಕೆ ಅದರ ಮಾನ್ಯತೆ ಸಿಗಲಿಲ್ಲ. ಮೇಳ ಎರಡು ಸೀಸನ್ ನಡೆಯುವುದು, ಪೆವಿಲಿಯನ್ ಹಾಕುವವರಿಂದ ಜಾಗದ ಬಾಡಿಗೆ ಕೇಳುವುದು, ಇವೆಲ್ಲ ನಿಯಮಕ್ಕೆ ವಿರುದ್ಧವಾಗಿದ್ದವು. ಹಾಗಾಗಿ ಯುರೋಪಿನ ಹಲವು ದೊಡ್ಡ ದೇಶಗಳು ಅಧಿಕೃತವಾಗಿ ಬರಲಿಲ್ಲ. ಅಮೆರಿಕದ ಕಂಪನಿಗಳು ಆ ಜಾಗವನ್ನೆಲ್ಲ ತುಂಬಿದವು. ಜನರಲ್ ಮೋಟರ್ಸ್, ಫೋರ್ಡ್, ಜನರಲ್ ಇಲೆಕ್ಟ್ರಿಕ್, ಡುಪಾಂಟ್, ಐಬಿಎಂ, ಟೆಲಿಫೋನ್ ಕಂಪನಿ ಬೆಲ್, ಪೆಪ್ಸಿ, ಕೊಕಾ-ಕೋಲಾ ಎಲ್ಲ ಅಲ್ಲಿದ್ದವು. ದುಡ್ಡು ಸುರಿದು ಪ್ರದರ್ಶನ ಮಾಡಿದವರಿಗೆ ಅದರ ಹಾಡು, ಮಾತು ಎಲ್ಲರ ಮನೆಯಲ್ಲೂ ಕೇಳಿಸಲಿ ಎಂಬ ಆಸೆ ಇರುವುದು ಸಹಜ ಅಲ್ವಾ?

ಇವುಗಳಲ್ಲಿ ಡಿಸ್ನಿ ಮಾಡಿಕೊಟ್ಟ ಪ್ರದರ್ಶನಗಳು ಜಾಸ್ತಿ ಹೆಸರು ಮಾಡಿದವು. ಪೆಪ್ಸಿ ಪ್ರಾಯೋಜಿಸಿ ಯುನಿಸೆಫ್‌ಗೆ ಅರ್ಪಿಸಿದ 'ಇಟ್ಸ್ ಎ ಸ್ಮಾಲ್ ವರ್ಲ್ಡ್', ಜನರಲ್ ಇಲೆಕ್ಟ್ರಿಕ್‌ನ ತಿರುಗುವ ರಂಗಮಂದಿರ 'ಕ್ಯಾರೊಸೆಲ್ ಆಫ್ ಪ್ರೋಗ್ರೆಸ್', ಎರಡಕ್ಕೂ ಹಾಡು ಕಟ್ಟಿದವರು ಶರ್ಮನ್ ಸೋದರರು. ಡುಪಾಂಟ್‌ನವರು ರಸಾಯನ ವಿಜ್ಞಾನದ ಮೇಲೆ ಒಂದು ಸಂಗೀತ ನಾಟಕವನ್ನೇ ಆಡಿಸಿದರು. ಬರೆದವರು ಮೈಕಲ್ ಬ್ರೌನ್. ಕಂಪನಿಗಳಿಗೆ ಇಂಥ ಸಂಗೀತ ನಾಟಕ ಬರೆದುಕೊಡುವುದೇ ಅವರ ಕಸುಬು. 1956ರ ಕ್ರಿಸ್‌ಮಸ್‌ಗೆ ತಮ್ಮ ಗೆಳತಿ, ಮುಂದೆ ಹೆಸರಾಂತ ಕಾದಂಬರಿಕಾರ್ತಿಯಾದ ಹಾರ್ಪರ್ ಲೀ ಅವರಿಗೆ ಒಂದು ವರ್ಷದ ಸಂಬಳದಷ್ಟು ಹಣ ಕೊಟ್ಟು, ಕೆಲಸ ಬಿಟ್ಟು ಕಾದಂಬರಿ ಬರೆಯಲು ಕೂರಿಸಿದ ದಂಪತಿ ಈ ಬ್ರೌನ್ ಮತ್ತು ಅವರ ಹೆಂಡತಿ. ನೈಲಾನ್, ಪ್ಲಾಸ್ಟಿಕ್ ಬಗ್ಗೆ ಹಾಡು ಬರೆದು ಬಂದ ದುಡ್ಡು ಎಲ್ಲೆಲ್ಲಿಗೆ ಹರಿಯುತ್ತದೆ ನೋಡಿ.

1970ರ ಒಸಾಕಾ ಮೇಳ ಇನ್ನೊಂದು ದೊಡ್ಡ ಗಣಿ. 6 ಕೋಟಿ 40 ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು. ಜಪಾನಿನ ಉಕ್ಕು ಕಂಪನಿಗಳ ಒಕ್ಕೂಟ ಕಟ್ಟಿದ ಸ್ಟೀಲ್ ಪೆವಿಲಿಯನ್ ಒಳಗೆ ಒಂದು ಸ್ಪೇಸ್ ಥಿಯೇಟರ್ ಇತ್ತು. ತೊರು ತಾಕೆಮಿತ್ಸು, ಯೂಜಿ ತಾಕಾಹಾಶಿ, ಜೊತೆಗೆ ಬ್ರಸೆಲ್ಸ್‌ನಲ್ಲಿ ಕಂಡ ಅದೇ ಕ್ಸೆನಾಕಿಸ್, ಮೂವರೂ ಅದಕ್ಕೆ ಸಂಗೀತ ಕೃತಿ ರಚಿಸಿದರು. ಅವು ಎಲ್‌ಪಿಯಾಗಿ ಬಂದವು. ಆ ಕಟ್ಟಡ ಕೆಡವದೆ ಉಳಿದ ಅಪರೂಪದ್ದು. 2010ರಿಂದ ಅದು ಮೇಳದ ಮ್ಯೂಸಿಯಂ ಆಗಿದೆ. ಜಪಾನಿನಲ್ಲಿ ಸೊನೊಶೀಟ್ ಎಂಬ, ಬಗ್ಗಿಸಬಹುದಾದ ತೆಳ್ಳನೆಯ ರೆಕಾರ್ಡ್‌ಗಳು 1960ರ ದಶಕದಲ್ಲಿ ತುಂಬ ಚಾಲ್ತಿಯಲ್ಲಿದ್ದವು. ಹಾಗಾಗಿ ಒಸಾಕಾ ಮೇಳದ ಸರಕು ಹುಡುಕುವಾಗ ಪುಸ್ತಿಕೆಗಳ ಒಳಗೂ ಒಮ್ಮೆ ಕೈಯಾಡಿಸಿ.

1967ರ ಮಾಂಟ್ರಿಯಲ್, 1968ರ ಸ್ಯಾನ್ ಆಂಟೋನಿಯೊ, 1974ರ ಸ್ಪೋಕೇನ್, 1982ರ ನಾಕ್ಸ್‌ವಿಲ್ ಮೇಳಗಳ ರೆಕಾರ್ಡ್‌ಗಳೂ ಇವೆ. ಹೊಸಬರು ಮೊದಲು ಒಂದೇ ಮೇಳ ಹಿಡಿದುಕೊಳ್ಳುವುದು ಒಳ್ಳೆಯದು. ಒಂದನ್ನು ಚೆನ್ನಾಗಿ ಅರಿತರೆ ಉಳಿದವು ಬೇಗ ಅರ್ಥವಾಗುತ್ತವೆ.

ಹೆಜ್ಜೆ 2: ಕೈಯಲ್ಲಿರುವುದು ಯಾವ ಜಾತಿಯದು ಎಂದು ನೋಡಿ

'ವರ್ಲ್ಡ್ಸ್ ಫೇರ್' ಎಂದು ಬರೆದಿದ್ದೆಲ್ಲ ಮೇಳದ ರೆಕಾರ್ಡ್ ಅಲ್ಲ. ಕಂಪನಿ ತಾನೇ ದುಡ್ಡು ಹಾಕಿ ಒತ್ತಿಸಿ ಪೆವಿಲಿಯನ್ನಿನಲ್ಲಿ ಹಂಚಿದ್ದು ಅಥವಾ ಮಾರಿದ್ದು ಒಂದು ಜಾತಿ. ಪ್ರದರ್ಶನದ ಹಾಡನ್ನು ಒಂದು ರೆಕಾರ್ಡ್ ಕಂಪನಿ ಎಲ್ಲ ಅಂಗಡಿಗಳಲ್ಲೂ ಮಾರಿದ್ದು ಇನ್ನೊಂದು. ಡಿಸ್ನಿಯ ಸ್ವಂತ ಲೇಬಲ್ಲಿನ 'ಸ್ಮಾಲ್ ವರ್ಲ್ಡ್' ಎಲ್‌ಪಿಗಳು ಈ ಎರಡನೆಯ ಜಾತಿಗೆ ಸೇರುತ್ತವೆ. ಮೇಳದ ಗಾಳಿ ಬೀಸಿದಾಗ ಯಾವುದೋ ಬ್ಯಾಂಡಿನವರು ಸುಮ್ನೆ ಮೇಳದ ಹೆಸರಿಟ್ಟು ತಂದಿದ್ದು ಮೂರನೆಯದು.

ಮೊದಲ ಜಾತಿಯದೇ ನಮಗೆ ಮುಖ್ಯ. ಗುರುತಿಸುವುದು ಕಷ್ಟವಿಲ್ಲ. ಲೇಬಲ್ ಮೇಲೆ ರೆಕಾರ್ಡ್ ಕಂಪನಿಯ ಹೆಸರಿಗಿಂತ ಪ್ರಾಯೋಜಕ ಕಂಪನಿಯ ಹೆಸರು ದೊಡ್ಡದಾಗಿರುತ್ತದೆ. ಬೆಲೆ ಅಚ್ಚಾಗಿರುವುದು ಕಡಿಮೆ. ಅಳತೆ 7 ಇಂಚು, ಆದರೆ ವೇಗ 45 ಅಲ್ಲ, 33⅓ ಇರುವುದು ಸಾಮಾನ್ಯ. ಕಾರಣ ಸರಳ: ಚಿಕ್ಕ ಪ್ಲೇಟ್ ಆದರೆ ಖರ್ಚು ಕಡಿಮೆ, ವೇಗ ಕಡಿಮೆ ಇದ್ದರೆ ಜಾಸ್ತಿ ಮಾತು ಹಿಡಿಸುತ್ತದೆ.

ಎರಡನೆಯ ಜಾತಿಯದನ್ನೂ ಬಿಡಬೇಡಿ. ಆದರೆ ಅದಕ್ಕೆ ಅಪರೂಪದ ಬೆಲೆ ಕೊಡಬೇಡಿ. ಹಲವು ವರ್ಷ ಮತ್ತೆ ಮತ್ತೆ ಒತ್ತಿದ ಪ್ಲೇಟ್‌ಗಳು ಅವು.

ಹೆಜ್ಜೆ 3: ಹುಡುಕುವ ಜಾಗ

ರೆಕಾರ್ಡ್‌ಗಳ ಮಾಹಿತಿ ಮತ್ತು ಮಾರಾಟದ ಜಾಲತಾಣ ಡಿಸ್ಕಾಗ್ಸ್, ಹಳೇ ಸಾಮಾನೂ ಸಿಗುವ ಮಾರಾಟ ತಾಣ ಇಬೇ, ಎರಡೂ ಕಡೆ ಹುಡುಕಿ, ಆದರೆ ಬೇರೆ ಬೇರೆ ರೀತಿಯಲ್ಲಿ. ಡಿಸ್ಕಾಗ್ಸ್‌ನಲ್ಲಿ ಕಲಾವಿದರ ಹೆಸರಿಗಿಂತ ಪ್ರಾಯೋಜಕ ಕಂಪನಿಯ ಹೆಸರಿನಲ್ಲಿ, ಲೇಬಲ್ ಹೆಸರಿನಲ್ಲಿ ಹುಡುಕಿ. ಕಂಪನಿ ರೆಕಾರ್ಡ್‌ಗಳಲ್ಲಿ ಗಾಯಕರ ಹೆಸರೇ ಇಲ್ಲದಿರುವುದು ಉಂಟು. ಇಬೇಯಲ್ಲಿ ರೆಕಾರ್ಡ್ ವಿಭಾಗಕ್ಕಷ್ಟೇ ನಿಲ್ಲಬೇಡಿ. ಮೇಳದ ನೆನಪಿನ ವಸ್ತುಗಳ ವಿಭಾಗದಲ್ಲಿ ತಟ್ಟೆ, ಬಾವುಟ, ಪೋಸ್ಟ್‌ಕಾರ್ಡ್‌ಗಳ ನಡುವೆ ಪುಸ್ತಿಕೆ ಎಂದು ಪಟ್ಟಿ ಮಾಡಿದ ವಸ್ತುವಿನೊಳಗೆ ರೆಕಾರ್ಡ್ ಇರುತ್ತದೆ. ಮಾರುವವರಿಗೆ ಅದು ಕಾಗದದ ಸಾಮಾನು, ನಮಗೆ ಧ್ವನಿ. ಕಡಿಮೆ ಬೆಲೆಗೆ ಸಿಗುವ ಅವಕಾಶ ಅಲ್ಲೇ ಜಾಸ್ತಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಸುಲಭ. ನ್ಯೂಯಾರ್ಕ್, ನ್ಯೂಜೆರ್ಸಿ ಸುತ್ತಮುತ್ತ ಎಸ್ಟೇಟ್ ಸೇಲ್, ಗರಾಜ್ ಸೇಲ್‌ಗಳಲ್ಲಿ ಮನೆಯ ಹಿರಿಯರು ಕೂಡಿಟ್ಟ ಮೇಳದ ಚೀಲ ಇಡಿಯಾಗಿ ಹೊರಬರುವುದುಂಟು. ಫ್ಲಶಿಂಗ್ ಗಣೇಶ ದೇವಸ್ಥಾನಕ್ಕೆ ಹೋಗಿ ಕ್ಯಾಂಟೀನಿನಲ್ಲಿ ದೋಸೆ ತಿನ್ನುವ ನಮ್ಮವರು ಎಷ್ಟೋ ಜನ. ಮೇಳ ನಡೆದ ಮೈದಾನ ಅಲ್ಲಿಂದ ದೂರವೇನಿಲ್ಲ. 140 ಅಡಿ ಎತ್ತರದ ಉಕ್ಕಿನ ಭೂಗೋಳ ಯುನಿಸ್ಫಿಯರ್ ಇನ್ನೂ ಅಲ್ಲೇ ನಿಂತಿದೆ. ಪಕ್ಕದ ಕ್ವೀನ್ಸ್ ಮ್ಯೂಸಿಯಂ ಇರುವುದು 1939ರ ಮೇಳಕ್ಕೆ ಕಟ್ಟಿದ ಕಟ್ಟಡದಲ್ಲಿ. ಎರಡೂ ಮೇಳಗಳ ವಸ್ತುಗಳು ಅಲ್ಲಿವೆ. ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಅಲ್ಲಿ ಕಳೆದರೆ ಅಸಲಿ ಅಚ್ಚು, ಅಸಲಿ ಬಣ್ಣ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗುತ್ತದೆ. ಸಿಯಾಟಲ್‌ನಲ್ಲಿರುವವರು ಕ್ಲೈಮೇಟ್ ಪ್ಲೆಡ್ಜ್ ಅರೀನಾಕ್ಕೆ ಹೋದಾಗ ತಲೆ ಎತ್ತಿ ನೋಡಿ. ಬಬಲೇಟರ್ ಇದ್ದ ಕೊಲಿಸಿಯಮ್ಮಿನ ಚಾವಣಿ ಅದೇ.

ಭಾರತಕ್ಕೆ ತರಿಸುವವರು ಅಂಚೆ ಖರ್ಚಿನ ಜೊತೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕ ಹಾಕಿ. ಒಂದೊಂದೇ ತರಿಸುವ ಬದಲು ಅಲ್ಲಿರುವ ಬಂಧುಗಳ ಮನೆಗೆ ಕಳಿಸಿ, ಊರಿಗೆ ಬರುವಾಗ ಕೈಚೀಲದಲ್ಲಿ ತರಿಸಿಕೊಳ್ಳುವುದು ಮೇಲು.

ಹೆಜ್ಜೆ 4: ನಿಜವಾದ ಕಾಲ ಕಂಡುಹಿಡಿಯಿರಿ

ಈ ಹವ್ಯಾಸದಲ್ಲಿ ಕಲಿಯುವುದು ಜಾಸ್ತಿ ಇರುವುದು ಇಲ್ಲೇ. ನಿಧಾನವಾಗಿ ಓದಿ.

ನ್ಯೂಯಾರ್ಕ್ ಮೇಳದ ವಸ್ತುಗಳ ಮೇಲೆ 1961 ಎಂಬ ಕಾಪಿರೈಟ್ ವರ್ಷ ಕಾಣಬಹುದು. ಅದನ್ನು ನೋಡಿ ಮೇಳಕ್ಕೂ ಮೂರು ವರ್ಷ ಮುಂಚೆ ಒತ್ತಿದ್ದು ಎಂದುಕೊಳ್ಳಬೇಡಿ. ಅದು ಯುನಿಸ್ಫಿಯರ್ ಚಿತ್ರದ ಹಕ್ಕಿನ ವರ್ಷ. ಆ ಚಿತ್ರ ಬಳಸಲು ಅನುಮತಿ ಪಡೆದವರು ಆ ಸಾಲನ್ನೂ ಅಚ್ಚು ಹಾಕುತ್ತಿದ್ದರು. ಹಾಗೆಯೇ 1964-1965 ಎಂದು ಇದ್ದರೆ ಎರಡನೇ ಸೀಸನ್ನಿನದು ಎಂದೇನಲ್ಲ. ಮೇಳದ ಅಧಿಕೃತ ಹೆಸರಿನಲ್ಲೇ ಮೊದಲಿನಿಂದ ಎರಡೂ ವರ್ಷ ಇದ್ದವು.

ನಿಜವಾದ ಸುಳಿವು ಪ್ಲೇಟಿನ ಮೇಲೆಯೇ ಇದೆ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಒಂದು ಖಾಲಿ ಪಟ್ಟಿ ಇರುತ್ತದಲ್ಲ, ಅಲ್ಲಿ ಅಕ್ಷರ, ಅಂಕಿಗಳನ್ನು ಕೆತ್ತಿರುತ್ತಾರೆ ಅಥವಾ ಒತ್ತಿರುತ್ತಾರೆ. ಅದು ಮ್ಯಾಟ್ರಿಕ್ಸ್ ನಂಬರ್. ಕಂಪನಿಗಳು ಸ್ವಂತ ಕಾರ್ಖಾನೆ ಇಲ್ಲದೆ ಆರ್‌ಸಿಎ, ಕೊಲಂಬಿಯಾ, ಕ್ಯಾಪಿಟಲ್‌ನಂಥ ದೊಡ್ಡವರ ಕಸ್ಟಮ್ (ಹೊರಗಿನವರಿಗೆ ಒತ್ತಿಕೊಡುವ) ವಿಭಾಗಗಳಲ್ಲಿ ಒತ್ತಿಸುತ್ತಿದ್ದವು. ಆರ್‌ಸಿಎಯಲ್ಲಿ ಒತ್ತಿದ್ದಾದರೆ ನಂಬರಿನ ಮೊದಲ ಇಂಗ್ಲಿಷ್ ಅಕ್ಷರ ವರ್ಷ ಹೇಳುತ್ತದೆ. ಎನ್ ಎಂದರೆ 1962. ಪಿ ಎಂದರೆ 1963. ಆರ್ 1964, ಎಸ್ 1965, ಟಿ 1966, ಯು 1967. ಈ ಆರು ಅಕ್ಷರ ನೆನಪಿಟ್ಟರೆ ಸಿಯಾಟಲ್‌ನಿಂದ ಮಾಂಟ್ರಿಯಲ್‌ವರೆಗಿನ ಬಹುಪಾಲು ಕೆಲಸ ನಡೆಯುತ್ತದೆ. ಓದುವಾಗ ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕೆತ್ತನೆ ಕಾಣುವುದಿಲ್ಲ.

ಆಮೇಲೆ ಲೇಬಲ್ ಮತ್ತು ಜಾಕೆಟ್ ನೋಡಿ. ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರವಿರುವ ಗುರುತು ಧ್ವನಿಮುದ್ರಣದ ಹಕ್ಕಿನದು. ಅಮೆರಿಕದ ರೆಕಾರ್ಡ್‌ಗಳಲ್ಲಿ ಅದು ಕಾಣಿಸಿಕೊಂಡಿದ್ದು 1970ರ ದಶಕದ ಆರಂಭದಿಂದ. 1964ರದೆಂದು ಮಾರುತ್ತಿರುವ ಅಮೆರಿಕದ ಪ್ಲೇಟಿನಲ್ಲಿ ಆ ಗುರುತಿದ್ದರೆ ಅದು ಮರುಮುದ್ರಣ. ಬಾರ್‌ಕೋಡ್ ಇದ್ದರೆ ಇನ್ನೂ ಈಚಿನದು. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಇದೆಯೇ ನೋಡಿ. ಅದು ಜಾರಿಗೆ ಬಂದಿದ್ದು 1963ರ ಜುಲೈನಲ್ಲಿ. ಸಿಯಾಟಲ್ ಮೇಳ 1962ರ ಅಕ್ಟೋಬರಿನಲ್ಲೇ ಮುಗಿದಿತ್ತು. ಅಂದಮೇಲೆ ಜಿಪ್ ಕೋಡ್ ಇರುವ ಜಾಕೆಟ್ ಆ ಮೇಳದಲ್ಲಿ ಮಾರಿದ್ದಾಗಿರಲು ಸಾಧ್ಯವಿಲ್ಲ.

ಹಾಡುಗಳೂ ಕಾಲ ಹೇಳುತ್ತವೆ. ಜನರಲ್ ಇಲೆಕ್ಟ್ರಿಕ್‌ನ ತಿರುಗುವ ರಂಗಮಂದಿರ ಮೇಳದ ನಂತರ 1967ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಹೋಯಿತು. 1975ರಲ್ಲಿ ಫ್ಲೋರಿಡಾಕ್ಕೆ ಹೋಯಿತು. ಫ್ಲೋರಿಡಾಕ್ಕೆ ಹೋದಾಗ ಹಾಡನ್ನೇ ಬದಲಾಯಿಸಿದರು. ಮೇಳದ ಕಾಲದ ಹಾಡು 'ದೇರ್ಸ್ ಎ ಗ್ರೇಟ್ ಬಿಗ್ ಬ್ಯೂಟಿಫುಲ್ ಟುಮಾರೊ'. ಬದಲಾದ ಹಾಡು 'ದ ಬೆಸ್ಟ್ ಟೈಮ್ ಆಫ್ ಯುವರ್ ಲೈಫ್'. ಎರಡನೆಯದು ಇರುವ ಪ್ಲೇಟ್ ಮೇಳದ್ದಲ್ಲ. ನಾಳೆ ಚೆನ್ನಾಗಿರುತ್ತದೆ ಎಂದು ಹಾಡುತ್ತಿದ್ದ ಕಂಪನಿ ಹನ್ನೊಂದು ವರ್ಷದ ಮೇಲೆ ಇವತ್ತೇ ಚೆನ್ನಾಗಿದೆ ಎಂದು ಹಾಡತೊಡಗಿತು. ಎರಡೂ ಪ್ಲೇಟ್ ಪಕ್ಕಪಕ್ಕ ಇಟ್ಟು ಕೇಳಿದರೆ ಅಮೆರಿಕದ ಆ ಹನ್ನೊಂದು ವರ್ಷ ಕಿವಿಗೇ ಸಿಗುತ್ತದೆ.

ಸಿಯಾಟಲ್‌ನ ಮಿನಿಯೊ ಎಲ್‌ಪಿಗೂ ಮರುಮುದ್ರಣವಿದೆ. 1998ರಲ್ಲಿ ಸಬ್‌ಲಿಮಿನಲ್ ಸೌಂಡ್ಸ್ ಎಂಬ ಸ್ವೀಡನ್ನಿನ ಲೇಬಲ್ ಅದನ್ನು ಮತ್ತೆ ತಂದಿತು. ಕೇಳುವುದಷ್ಟೇ ಆಸೆ ಇದ್ದವರು ಸಂಕೋಚವಿಲ್ಲದೆ ಅದನ್ನೇ ಕೊಳ್ಳಿ. 1962ರ ಅಸಲಿಯಲ್ಲಿ ವರ್ಲ್ಡ್ಸ್ ಫೇರ್ ರೆಕಾರ್ಡ್ಸ್ ಎಂಬ ಹೆಸರಿರುತ್ತದೆ.

ಹೆಜ್ಜೆ 5: ಸ್ಥಿತಿ ಅಳೆದು ಕೊಳ್ಳಿ

ಮಾರುವವರು ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಎಂದು ದರ್ಜೆ ಬರೆಯುತ್ತಾರೆ. ಇಲ್ಲಿ ಗುಡ್ ಎಂದರೆ ಒಳ್ಳೆಯದು ಎಂದು ತಿಳಿಯಬೇಡಿ. ಉದ್ದಕ್ಕೂ ಚಟಪಟ ಸದ್ದು ಬರುವ, ಚೆನ್ನಾಗಿ ಸವೆದ ಪ್ಲೇಟ್ ಅದು. ಹಾಡಿನ ರೆಕಾರ್ಡ್ ಆದರೆ ವೆರಿ ಗುಡ್ ಪ್ಲಸ್‌ಗಿಂತ ಕೆಳಗೆ ಬೇಡ ಎನ್ನುತ್ತೇನೆ. ಆದರೆ ಪೆವಿಲಿಯನ್ ರೆಕಾರ್ಡಿಗೆ ನನ್ನ ಲೆಕ್ಕ ಬೇರೆ. ಪುಸ್ತಿಕೆ ಪೂರ್ತಿ ಇದ್ದು, ಜಾಕೆಟ್ ಓದುವಂತಿದ್ದರೆ ಸ್ವಲ್ಪ ಸದ್ದಿರುವ ಪ್ಲೇಟನ್ನೂ ತೆಗೆದುಕೊಳ್ಳುತ್ತೇನೆ. ಪುಸ್ತಿಕೆ ಇಲ್ಲದ ಹೊಳೆಯುವ ಪ್ಲೇಟ್‌ಗಿಂತ ಅದು ಮೇಲು. ನಿರೂಪಕ ಹೇಳುತ್ತಿರುವ ದೃಶ್ಯ ಹೇಗಿತ್ತು ಎಂದು ತೋರಿಸುವುದು ಪುಸ್ತಿಕೆಯೇ.

ಮಾರುವವರಿಗೆ ಇಷ್ಟು ಕೇಳಿ: ಪುಸ್ತಿಕೆಯ ಎಲ್ಲ ಪುಟ ಇವೆಯೇ? ಮ್ಯಾಟ್ರಿಕ್ಸ್ ನಂಬರಿನ ಫೋಟೊ ಕಳಿಸುತ್ತೀರಾ? ಪ್ಲೇಟ್ ಬಾಗಿದೆಯೇ? ನುಡಿಸಿ ನೋಡಿದ್ದೀರಾ, ಬರೀ ಕಣ್ಣಲ್ಲಿ ನೋಡಿ ದರ್ಜೆ ಹಾಕಿದ್ದೀರಾ? ಅಂಚೆಗೆ ಹಾಕುವಾಗ ಪ್ಲೇಟನ್ನು ಜಾಕೆಟಿನಿಂದ ಹೊರತೆಗೆದು, ಒಳಕವರಿನಲ್ಲಿಟ್ಟು, ಜಾಕೆಟಿನ ಹಿಂದೆ ಬೇರೆಯಾಗಿ ಇಡಲು ಹೇಳಿ. ಒಳಗೇ ಬಿಟ್ಟರೆ ದಾರಿಯಲ್ಲಿ ಅಲುಗಾಡಿ ಜಾಕೆಟಿನ ಅಂಚು ಹರಿಯುತ್ತದೆ.

ಹೆಜ್ಜೆ 6: ತೊಳೆಯಿರಿ, ಆಮೇಲೆ ನುಡಿಸಿ

ಬಂದ ಕೂಡಲೇ ಮುಳ್ಳು ಇಡಬೇಡಿ. ಅರವತ್ತು ವರ್ಷದ ಧೂಳು ಗೀರುಗಳಲ್ಲಿ (ಮುಳ್ಳು ಓಡುವ, ಧ್ವನಿ ಅಡಗಿರುವ ಸಾಲುಗಳಲ್ಲಿ) ಕೂತಿರುತ್ತದೆ. ಮುಳ್ಳು ಅದನ್ನು ಇನ್ನೂ ಒಳಕ್ಕೆ ಉಜ್ಜುತ್ತದೆ.

ವಿನೈಲ್ ಆದರೆ ಡಿಸ್ಟಿಲ್ಡ್ ವಾಟರ್ ಸಾಕು. ಅದಕ್ಕೆ ಬಣ್ಣ, ವಾಸನೆ ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ. ಮೆತ್ತನೆ ಮೈಕ್ರೊಫೈಬರ್ ಬಟ್ಟೆಯಿಂದ ಗೀರಿನ ದಿಕ್ಕಿನಲ್ಲೇ ಸುತ್ತುತ್ತಾ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಮತ್ತೊಮ್ಮೆ ಒರೆಸಿ. ಲೇಬಲ್ ನೆನೆಯಬಾರದು. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಸುಣ್ಣದ ಪುಡಿ ಗೀರಿನಲ್ಲೇ ಉಳಿಯುತ್ತದೆ. ಶೆಲಾಕ್ ಪ್ಲೇಟಿಗೆ ಸ್ಪಿರಿಟ್ ಇರುವ ಯಾವ ದ್ರಾವಣವನ್ನೂ ಮುಟ್ಟಿಸಬೇಡಿ, ಕರಗಿಹೋಗುತ್ತದೆ.

ಮುಳ್ಳಿನ ವಿಷಯ. 1960ರ ದಶಕದ ವಿನೈಲ್‌ಗೆ ಮಾಮೂಲಿ ಎಲ್‌ಪಿ ಮುಳ್ಳು ನಡೆಯುತ್ತದೆ. ಪ್ಲೇಟ್ ಮೊನೊ (ಸ್ಟೀರಿಯೊ ಅಲ್ಲದ್ದು) ಆಗಿದ್ದರೆ ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಒತ್ತಿ, ಅರ್ಧ ಸದ್ದು ಅಲ್ಲೇ ತಗ್ಗುತ್ತದೆ. 78 ವೇಗದ ಶೆಲಾಕ್‌ಗೆ ಸುಮಾರು 75 ಮೈಕ್ರಾನ್‌ನ ದಪ್ಪ ಮುಳ್ಳು ಬೇಕು. ಎಲ್‌ಪಿ ಮುಳ್ಳು ಅದರ ಕಾಲು ಭಾಗದಷ್ಟೇ ಇರುತ್ತದೆ. ಅದನ್ನು ಹಾಕಿದರೆ ಗೀರಿನ ತಳದಲ್ಲಿ ಅಲೆದಾಡುತ್ತದೆ ಅಷ್ಟೇ. ಮುಳ್ಳಿನ ಭಾರ ಕಾರ್ಟ್ರಿಜ್ (ಮುಳ್ಳು ಕೂರಿಸಿರುವ ಭಾಗ) ತಯಾರಕರು ಹೇಳಿದಷ್ಟೇ ಇರಲಿ. ಹಗುರ ಮಾಡಿದರೆ ಪ್ಲೇಟ್ ಉಳಿಯುತ್ತದೆ ಎಂಬುದು ತಪ್ಪು ಲೆಕ್ಕ. ಭಾರ ಸಾಲದ ಮುಳ್ಳು ಗೀರಿನಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ.

ಫ್ಲೆಕ್ಸಿ (ಬಗ್ಗುವ ತೆಳು ರೆಕಾರ್ಡ್), ಸೊನೊಶೀಟ್, ಕಾರ್ಡ್‌ಬೋರ್ಡ್ ಮೇಲೆ ಒತ್ತಿದ ರೆಕಾರ್ಡ್‌ಗಳಿಗೆ ಬೇರೆ ಉಪಚಾರ. ಕೆಳಗೆ ಬೇಡವಾದ ಒಂದು ಎಲ್‌ಪಿ ಇಟ್ಟು ಅದರ ಮೇಲೆ ಹಾಸಿ. ಜಾರುತ್ತಿದ್ದರೆ ಲೇಬಲ್ ಹತ್ತಿರ ಒಂದು ನಾಣ್ಯ ಇಡಿ. ಎಷ್ಟೋ ಫ್ಲೆಕ್ಸಿಗಳ ಮೇಲೆ ನಾಣ್ಯ ಇಡುವ ಜಾಗವನ್ನೇ ಅಚ್ಚು ಹಾಕಿರುತ್ತಾರೆ. ಇವನ್ನು ನೀರಿನಲ್ಲಿ ತೊಳೆಯಬೇಡಿ. ಕಾರ್ಡ್‌ಬೋರ್ಡಿನದಂತೂ ನೀರು ತಾಗಿದರೆ ಮುಗಿಯಿತು. ಪ್ರತಿ ಸಲ ನುಡಿಸಿದಾಗಲೂ ಸವೆಯುವ ವಸ್ತು ಇವು. ಆದ್ದರಿಂದ ಮೊದಲ ಸಲ ನುಡಿಸುವಾಗಲೇ ಮುಂದಿನ ಹೆಜ್ಜೆಗೆ ತಯಾರಾಗಿ ಕೂತಿರಿ.

ಹೆಜ್ಜೆ 7: ಡಿಜಿಟಲ್ ಪ್ರತಿ ಮಾಡಿ

ಬೇಕಾದ್ದು ಇಷ್ಟು: ಪ್ಲೇಟ್ ತಿರುಗಿಸುವ ಟರ್ನ್‌ಟೇಬಲ್, ಅದರ ಸಣ್ಣ ಸಂಕೇತವನ್ನು ಹೆಚ್ಚಿಸುವ ಫೋನೊ ಪ್ರೀಆಂಪ್, ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಕಂಪ್ಯೂಟರ್. ಸಾಫ್ಟ್‌ವೇರಿಗೆ ಉಚಿತವಾದ ಆಡಾಸಿಟಿ ಸಾಕು. 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಆಯ್ದುಕೊಳ್ಳಿ. ಒಂದು ನಿಮಿಷಕ್ಕೆ ಸುಮಾರು 35 ಎಂಬಿ ಆಗುತ್ತದೆ. ಎಲ್‌ಪಿಯ 20 ನಿಮಿಷದ ಒಂದು ಬದಿಗೆ 700 ಎಂಬಿ ಹತ್ತಿರ. ಜಾಗಕ್ಕೆ ಜಿಪುಣತನ ಬೇಡ. ರೆಕಾರ್ಡಿಂಗ್ ಮಟ್ಟ ಎಲ್ಲಿಯೂ ಕೆಂಪಿಗೆ ಹೋಗದಂತೆ, ಅತಿ ಜೋರಿನ ಜಾಗದಲ್ಲೂ ಗರಿಷ್ಠ ಮಟ್ಟಕ್ಕಿಂತ 6 ಡೆಸಿಬೆಲ್ ಕೆಳಗೇ ಇರುವಂತೆ ಇಟ್ಟುಕೊಳ್ಳಿ.

ಮುಳ್ಳು ಇಳಿಯುವ ಮುಂಚಿನಿಂದ ಎತ್ತುವ ತನಕ ಪೂರ್ತಿ ಮುದ್ರಿಸಿ. ಈ ಮೂಲ ಫೈಲಿಗೆ ಸದ್ದು ತೆಗೆಯುವ ಫಿಲ್ಟರ್ ಹಾಕಬೇಡಿ. ಈ ವಿಷಯದಲ್ಲಿ ನಾನು ಹಟಮಾರಿ. ಪೆವಿಲಿಯನ್ ರೆಕಾರ್ಡ್‌ಗಳಲ್ಲಿ ಹಿನ್ನೆಲೆಯಲ್ಲಿ ಯಂತ್ರದ ಗುಂಯ್‌ಗುಡುವಿಕೆ, ಪ್ರತಿಧ್ವನಿ, ಉಸಿರಿನಂಥ ಇಲೆಕ್ಟ್ರಾನಿಕ್ ಶಬ್ದಗಳು ಬೇಕೆಂದೇ ಇಟ್ಟಿರುತ್ತವೆ. ಫಿಲ್ಟರಿಗೆ ಅದು ಗೊತ್ತಾಗುವುದಿಲ್ಲ. ಧೂಳಿನ ಸದ್ದೆಂದು ತಿಳಿದು ಅದನ್ನೂ ಒರೆಸಿಹಾಕುತ್ತದೆ. ಶುಚಿ ಮಾಡಬೇಕೆನಿಸಿದರೆ ಇನ್ನೊಂದು ಪ್ರತಿ ಮಾಡಿ ಅದರಲ್ಲಿ ಮಾಡಿ.

ಜೊತೆಗೇ ಕಾಗದದ ಕೆಲಸ. ಜಾಕೆಟಿನ ಎರಡೂ ಬದಿ, ಅಂಚು, ಎರಡೂ ಲೇಬಲ್, ಪುಸ್ತಿಕೆಯ ಖಾಲಿ ಪುಟ ಸಮೇತ ಎಲ್ಲವನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಯಾರೋ ಪೆನ್ನಿನಲ್ಲಿ ಬರೆದ ಹೆಸರು, ಬೆಲೆ ಚೀಟಿ, ಒಳಗೆ ಸಿಕ್ಕ ಟಿಕೆಟ್ ತುಂಡು ಇದ್ದರೆ ಅವನ್ನೂ ಬಿಡಬೇಡಿ. ಆಡಿಯೊ, ಚಿತ್ರ ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ. ಫೋಲ್ಡರಿಗೆ ಮೇಳದ ವರ್ಷ, ಊರು, ಕಂಪನಿ, ಮ್ಯಾಟ್ರಿಕ್ಸ್ ನಂಬರ್ ಇರುವ ಹೆಸರು ಕೊಡಿ. ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಯಾವ ಟರ್ನ್‌ಟೇಬಲ್, ಯಾವ ಮುಳ್ಳು, ಯಾವ ವೇಗ, ಎಲ್ಲಿ ಕೊಂಡಿದ್ದು ಎಂದು ಬರೆದಿಡಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಹೆಜ್ಜೆ 8: ಇಡುವುದು

ನೇರವಾಗಿ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲು, ಗ್ಯಾಸ್ ಒಲೆ, ಟಿವಿ ಹಿಂಭಾಗ ಮೂರೂ ದೂರ ಇರಲಿ. ಒಳಕವರ್ ಪಾಲಿಥೀನ್‌ನದಾಗಿರಲಿ. ಪಿವಿಸಿ ಕವರ್ ಬೇಡ, ವರ್ಷಗಳಲ್ಲಿ ಪ್ಲೇಟಿಗೆ ಮಂಜು ಕವಿದಂಥ ಕಲೆ ಬರಿಸುತ್ತದೆ. ಕರಾವಳಿ, ಮಲೆನಾಡಿನವರಿಗೆ ದೊಡ್ಡ ಶತ್ರು ಮಳೆಗಾಲ. ಜಾಕೆಟಿಗೆ ಬೂಷ್ಟು ಬಂದರೆ ಅದು ಪ್ಲೇಟಿನ ಗೀರಿಗೂ ಇಳಿಯುತ್ತದೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಬದಲಾಯಿಸುತ್ತಿರಿ. ಹರಿದ ಜಾಕೆಟಿಗೆ ಸೆಲೊ ಟೇಪ್ ಅಂಟಿಸಲೇಬೇಡಿ.

ಹೆಜ್ಜೆ 9: ಬೇರೆಯವರಿಗೆ ಸಿಗುವಂತೆ ಮಾಡಿ, ಕಾನೂನು ನೋಡಿಕೊಂಡು

ಕಂಪನಿ ಬಿಟ್ಟಿ ಹಂಚಿದ್ದು, ಹಾಗಾಗಿ ಯಾರು ಬೇಕಾದರೂ ಅಂತರ್ಜಾಲಕ್ಕೆ ಹಾಕಬಹುದು ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ಅಮೆರಿಕದಲ್ಲಿ 2018ರಲ್ಲಿ ಬಂದ ಸಂಗೀತ ಕಾನೂನು 1972ರ ಫೆಬ್ರವರಿ 15ಕ್ಕೂ ಹಿಂದಿನ ಧ್ವನಿಮುದ್ರಣಗಳಿಗೂ ರಕ್ಷಣೆ ಕೊಟ್ಟಿತು. 1957ರಿಂದ ಅಲ್ಲಿಯವರೆಗೆ ಹೊರಬಂದವಕ್ಕೆ ಆ ರಕ್ಷಣೆ 2067ರ ಫೆಬ್ರವರಿ 15ರ ತನಕ ಇದೆ. ಸಿಯಾಟಲ್, 1964-65ರ ನ್ಯೂಯಾರ್ಕ್ ಮೇಳದ ರೆಕಾರ್ಡ್‌ಗಳೆಲ್ಲ ಇದರೊಳಗೇ ಬರುತ್ತವೆ. ಹಾಡಿನ ಸಾಹಿತ್ಯ, ಸ್ವರ ಸಂಯೋಜನೆಯ ಹಕ್ಕು ಬೇರೆಯೇ. ನಿಮ್ಮ ಬಳಕೆಗೆ, ಕಾಪಾಡುವುದಕ್ಕೆ ಪ್ರತಿ ಮಾಡಿಕೊಂಡರೂ ಪೂರ್ತಿ ಆಡಿಯೊ ಹೊರಗೆ ಹಾಕುವ ಮೊದಲು ಯೋಚಿಸಿ.

ಮಾಹಿತಿ ಹಂಚಲು ಇಂಥ ತೊಡಕಿಲ್ಲ. ಡಿಸ್ಕಾಗ್ಸ್‌ನಲ್ಲಿ ನಿಮ್ಮ ಪ್ಲೇಟ್ ಇಲ್ಲದಿದ್ದರೆ ಮ್ಯಾಟ್ರಿಕ್ಸ್ ನಂಬರ್, ಲೇಬಲ್ಲಿನ ಮಾತು, ವೇಗ, ಪುಸ್ತಿಕೆಯ ಪುಟಗಳ ಸಂಖ್ಯೆ ಎಲ್ಲ ಬರೆದು ಸೇರಿಸಿ. ಇದ್ದರೆ ಬಿಟ್ಟುಹೋದ ವಿವರ ತುಂಬಿ. ಗಾಯಕರ ಹೆಸರಿಲ್ಲದ ಪ್ಲೇಟ್‌ಗಳಲ್ಲಿ ದನಿ ಯಾರದ್ದೆಂದು ಇನ್ನೊಬ್ಬರು ಗುರುತಿಸಲು ಇಂಥ ದಾಖಲೆಯೇ ದಾರಿ. ಎರಡೆರಡು ಪ್ರತಿ ಸಿಕ್ಕಿದ್ದರೆ ಒಂದನ್ನು ಮೇಳ ನಡೆದ ಊರಿನ ಮ್ಯೂಸಿಯಂ ಅಥವಾ ಲೈಬ್ರರಿಗೆ ಕೊಡುವ ಬಗ್ಗೆ ಬರೆದು ಕೇಳಿ. ಕೊಡುವಾಗ ಸ್ಕ್ಯಾನ್ ಮತ್ತು ಟೆಕ್ಸ್ಟ್ ಫೈಲ್ ಕೂಡ ಜೊತೆಗೆ ಕಳಿಸಿ. ಅಲ್ಲಿನ ಕ್ಯಾಟಲಾಗ್ ಮಾಡುವವರಿಗೆ ಅರ್ಧ ಕೆಲಸ ಮುಗಿದಿರುತ್ತದೆ.